ಕಡ್ಡಾಯ ಕಸ ಸಂಗ್ರಹ ಸೇವೆಯಿಂದ ಮನೆಗೆ ವಿನಾಯಿತಿ ಪಡೆಯುವ ಬಗೆ

ಮನೆ ಮನೆಯಿಂದ ಕಸ ಸಂಗ್ರಹಿಸುವ ಸೇವೆಯನ್ನು ನಗರಾಡಳಿತವು ಕಡ್ಡಾಯಗೊಳಿಸಿದ ಮೇಲೆ ನಗರದ ಎಲ್ಲೆಯೊಳಗಿನ ಪ್ರತಿಯೊಂದು ಮನೆಗೂ ಶುಲ್ಕದ ಖಾತೆ ತೆರೆಯುತ್ತದೆ. ಡಬ್ಬಿಗೆ ಕಸ ಬಿದ್ದರೂ ಬೀಳದಿದ್ದರೂ ಆ ಖಾತೆಯಲ್ಲಿ ಬಾಕಿ ಏರುತ್ತಲೇ ಇರುತ್ತದೆ. ವರ್ಷಗಟ್ಟಲೆ ಬೀಗ ಹಾಕಿರುವ ಮನೆ, ವಾಹನ ತಿರುಗಲಾರದ ಓಣಿಯ ತುದಿಯ ಮನೆ, ಹಸಿ ಕಸವನ್ನೆಲ್ಲ ಹಿತ್ತಿಲಿನಲ್ಲೇ ಗೊಬ್ಬರ ಮಾಡಿಕೊಳ್ಳುವ ಮನೆ, ವಾರಕ್ಕೊಂದು ಸಣ್ಣ ಚೀಲವೂ ತುಂಬದ ಒಂಟಿ ವೃದ್ಧರ ಮನೆ, ಇವರೆಲ್ಲರಿಗೂ ಈ ಹೊರೆ ಅನ್ಯಾಯವಾಗಿ ಕಾಣುವುದು ಸಹಜ. ಅದಕ್ಕಾಗಿಯೇ ಹಲವು ನಗರಗಳ ಉಪವಿಧಿಗಳಲ್ಲಿ, ಅಂದರೆ ನಗರಾಡಳಿತವೇ ಮಾಡಿಕೊಂಡ ಸ್ಥಳೀಯ ನಿಯಮಗಳಲ್ಲಿ, ವಿನಾಯಿತಿಯ ಒಂದು ಕಲಮು ಇರುತ್ತದೆ. ಆದರೂ ಅರ್ಹರಾದ ಎಷ್ಟೋ ಮನೆಗಳ ಅರ್ಜಿಗಳು ತಿರಸ್ಕೃತವಾಗುತ್ತವೆ. ಅರ್ಜಿದಾರರು ‘ಈ ಸೇವೆ ನಮಗೆ ಏಕೆ ಬೇಡ’ ಎಂಬುದನ್ನು ಪುಟಗಟ್ಟಲೆ ಬರೆದಿರುತ್ತಾರೆ. ಅಧಿಕಾರಿಗೆ ತಿಳಿಯಬೇಕಾದದ್ದು ‘ಹಾಗಾದರೆ ನಿಮ್ಮ ಮನೆಯ ಕಸ ಎಲ್ಲಿಗೆ ಹೋಗುತ್ತದೆ’ ಎಂಬುದು. ಈ ಎರಡನೆಯ ಪ್ರಶ್ನೆಗೆ ದಾಖಲೆಸಹಿತ ಉತ್ತರ ಕೊಡುವುದೇ ವಿನಾಯಿತಿಯ ಅರ್ಜಿ. ಮುಂದೆ ಹೇಳುವ ಪ್ರತಿ ಹೆಜ್ಜೆಯೂ ಆ ಉತ್ತರವನ್ನು ಗಟ್ಟಿಗೊಳಿಸುವುದಕ್ಕಾಗಿಯೇ ಇದೆ.

ಕಡ್ಡಾಯದ ಹಿಂದಿರುವ ಕಾರಣ

ಅರ್ಜಿ ಬರೆಯುವ ಮುನ್ನ ಎದುರು ಪಕ್ಷದ ವಾದವನ್ನು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಅದು ದುರ್ಬಲವಾದ ವಾದವಲ್ಲ. ಕಸ ಸಂಗ್ರಹವು ಐಚ್ಛಿಕವಾಗಿದ್ದಲ್ಲಿ ಹಣ ಕೊಡಲು ಒಪ್ಪದ ಮನೆಗಳ ಕಸವೂ ಎಲ್ಲೋ ಒಂದು ಕಡೆ ಬೀಳಲೇಬೇಕು. ಅದು ಬೀಳುವುದು ಖಾಲಿ ನಿವೇಶನದಲ್ಲಿ, ಚರಂಡಿಯಲ್ಲಿ ಅಥವಾ ನೆರೆಯವರ ಡಬ್ಬಿಯಲ್ಲಿ. ಇಂಗ್ಲೆಂಡಿನ 1875ರ ಸಾರ್ವಜನಿಕ ಆರೋಗ್ಯ ಕಾಯ್ದೆಯು ಮನೆಗಳ ಕಸ ತೆಗೆಸುವ ಕೆಲಸವನ್ನು ಸ್ಥಳೀಯ ಆಡಳಿತಗಳ ಹೊಣೆಯತ್ತ ತಂದದ್ದು ಸಾಂಕ್ರಾಮಿಕ ರೋಗಗಳ ಭಯದ ನೆರಳಿನಲ್ಲಿ. ಪ್ಯಾರಿಸ್ಸಿನಲ್ಲಿ 1884ರಲ್ಲಿ ಆಡಳಿತಾಧಿಕಾರಿ ಯೂಜೀನ್ ಪುಬೆಲ್ ಪ್ರತಿ ಕಟ್ಟಡದ ಮಾಲೀಕನೂ ಮುಚ್ಚಳವಿರುವ ಕಸದ ಡಬ್ಬಿಗಳನ್ನು ಒದಗಿಸಬೇಕೆಂದು ಆಜ್ಞೆ ಹೊರಡಿಸಿದಾಗ ಮಾಲೀಕರು ಬಹಳ ವಿರೋಧಿಸಿದರು. ಇಂದು ಫ್ರೆಂಚ್ ಭಾಷೆಯಲ್ಲಿ ಕಸದ ಡಬ್ಬಿಗೆ ಆ ಅಧಿಕಾರಿಯ ಹೆಸರೇ ನಿಂತಿದೆ. ಅಡುಗೆಮನೆಯ ತ್ಯಾಜ್ಯಕ್ಕೂ ಬೆಲೆಯಿದೆ, ಅದು ನಮ್ಮ ಸ್ವತ್ತು, ನಗರವು ಅದನ್ನು ಕಸಿದುಕೊಳ್ಳುವಂತಿಲ್ಲ ಎಂಬ ವಾದ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಡೆಟ್ರಾಯಿಟ್ ನಗರಗಳ ಎರಡು ಪ್ರಕರಣಗಳಲ್ಲಿ 1905ರಲ್ಲಿ ಆ ನ್ಯಾಯಾಲಯವು ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ನಗರವು ಇಂಥ ನಿಯಮ ಮಾಡಬಹುದೆಂದು ಎತ್ತಿಹಿಡಿಯಿತು.

ಆದ್ದರಿಂದ ‘ನನ್ನ ಕಸ, ನನ್ನ ಇಷ್ಟ’ ಎಂಬ ನೆಲೆಯಲ್ಲಿ ಬರೆದ ಅರ್ಜಿಗೆ ಮನ್ನಣೆ ಸಿಗುವುದು ಕಷ್ಟ. ಇದರ ಜೊತೆಗೆ ಇನ್ನೆರಡು ವಿಷಯಗಳು ಅಧಿಕಾರಿಯ ಮನಸ್ಸಿನಲ್ಲಿರುತ್ತವೆ. ಬೆಚ್ಚಗಿನ ಹವೆಯಲ್ಲಿ ಮನೆನೊಣವು ಮೊಟ್ಟೆಯಿಂದ ರೆಕ್ಕೆ ಬಂದ ನೊಣವಾಗಲು 7ರಿಂದ 10 ದಿನಗಳು ಸಾಕು. ಕೊಳೆಯುವ ಕಸವನ್ನು ಕನಿಷ್ಠ ವಾರಕ್ಕೊಮ್ಮೆಯಾದರೂ ತೆಗೆಯಬೇಕೆಂಬ ನಿಯಮಗಳು ಆ ಲೆಕ್ಕಕ್ಕೆ ಸರಿಹೊಂದುತ್ತವೆ. ಎರಡನೆಯದು ಹಣದ ಲೆಕ್ಕ. ಲಾರಿ, ಚಾಲಕ, ಇಂಧನ, ಇವುಗಳ ಖರ್ಚು ಬೀದಿಯ ಉದ್ದವನ್ನು ಅವಲಂಬಿಸಿರುತ್ತದೆಯೇ ಹೊರತು ನಿಮ್ಮ ಡಬ್ಬಿಯ ತೂಕವನ್ನಲ್ಲ, ಹಾಗಾಗಿ ಒಂದು ಮನೆ ಹೊರಬಿದ್ದರೆ ಅದರ ಪಾಲು ಉಳಿದ ಮನೆಗಳ ಮೇಲೆ ಬೀಳುತ್ತದೆ. ಈ ಎರಡೂ ಆತಂಕಗಳನ್ನು ನಿಮ್ಮ ಅರ್ಜಿ ನಿವಾರಿಸಬೇಕು.

ನಿಮಗೆ ಬೇಕಾದದ್ದು ಏನೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ

‘ವಿನಾಯಿತಿ’ ಎಂಬ ಒಂದೇ ಮಾತಿನ ಅಡಿಯಲ್ಲಿ ಬೇರೆ ಬೇರೆ ನಾಲ್ಕೈದು ಸಂಗತಿಗಳು ಅಡಗಿರುತ್ತವೆ. ಸೇವೆಯೂ ಬೇಡ, ಶುಲ್ಕವೂ ಬೇಡ ಎಂಬುದು ಪೂರ್ಣ ವಿನಾಯಿತಿ. ಕೆಲವು ತಿಂಗಳ ಮಟ್ಟಿಗೆ ಖಾತೆಯನ್ನು ನಿಲ್ಲಿಸಿಡುವುದು ತಾತ್ಕಾಲಿಕ ತಡೆ. ಸೇವೆ ಇರಲಿ, ಹಣದಲ್ಲಿ ಕಡಿತವಾಗಲಿ ಎಂಬುದು ರಿಯಾಯಿತಿ. ಡಬ್ಬಿಯ ಗಾತ್ರವನ್ನೋ ಸಂಗ್ರಹದ ಸರದಿಯನ್ನೋ ಕಡಿಮೆ ಮಾಡಿಸಿಕೊಳ್ಳುವುದು ಮತ್ತೊಂದು. ಹಸಿ ಕಸದ ಡಬ್ಬಿಯಿಂದ ಮಾತ್ರ ಬಿಡುಗಡೆ ಕೇಳಿ ಉಳಿದ ಸೇವೆಯನ್ನು ಇಟ್ಟುಕೊಳ್ಳುವುದು ಇನ್ನೊಂದು. ಇವುಗಳ ನಮೂನೆಗಳು ಬೇರೆ, ಪರಿಶೀಲಿಸುವ ವಿಭಾಗಗಳೂ ಹಲವು ವೇಳೆ ಬೇರೆಯಾಗಿರುತ್ತವೆ. ತಪ್ಪು ನಮೂನೆಯಲ್ಲಿ ಸರಿಯಾದ ಕಾರಣ ಬರೆದ ಅರ್ಜಿ ಮೇಜಿನಿಂದ ಮೇಜಿಗೆ ಅಲೆದು ಕೊನೆಗೆ ವಾಪಸು ಬರುವುದನ್ನು ನಾನು ಕಂಡಿದ್ದೇನೆ, ಅಷ್ಟರಲ್ಲಿ ಆರು ತಿಂಗಳ ಬಾಕಿ ಸೇರಿಕೊಂಡಿತ್ತು.

ವಯಸ್ಸಾದವರು ಮತ್ತು ಅಂಗವೈಕಲ್ಯವುಳ್ಳವರ ವಿಷಯದಲ್ಲಿ ಈ ಗೊಂದಲ ನನಗೆ ಹೆಚ್ಚು ನೋವು ತರುತ್ತದೆ. ಡಬ್ಬಿಯನ್ನು ರಸ್ತೆಯ ಅಂಚಿನವರೆಗೆ ತಳ್ಳಿಕೊಂಡು ಹೋಗಲಾರದ ಕಾರಣಕ್ಕೆ ಅವರು ‘ನಮಗೆ ಸೇವೆಯೇ ಬೇಡ’ ಎಂದು ಬರೆದುಬಿಡುತ್ತಾರೆ. ಅವರಿಗೆ ನಿಜವಾಗಿ ಬೇಕಾದದ್ದು ಮನೆಬಾಗಿಲಿಗೇ ಬಂದು ಡಬ್ಬಿ ಎತ್ತಿಕೊಂಡು ಹೋಗುವ ಸಹಾಯ. ಬ್ರಿಟನ್ನಿನ ಸ್ಥಳೀಯ ಆಡಳಿತಗಳಲ್ಲಿ ಇಂಥ ನೆರವಿನ ಸಂಗ್ರಹ ಸಾಮಾನ್ಯವಾಗಿದೆ. ಬೇರೆಡೆಯ ಅನೇಕ ನಗರಗಳಲ್ಲೂ ಕೇಳಿದರೆ ಸಿಗುತ್ತದೆ. ನಿಮ್ಮ ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಇಂಥವರಿದ್ದರೆ ವಿನಾಯಿತಿಯ ನಮೂನೆಯನ್ನು ಬದಿಗಿಟ್ಟು ಮೊದಲು ಈ ಸೌಲಭ್ಯವನ್ನು ವಿಚಾರಿಸಿ.

ಹಣ ಯಾವ ಸ್ವರೂಪದಲ್ಲಿ ವಸೂಲಾಗುತ್ತಿದೆ ಎಂಬುದೂ ಅಷ್ಟೇ ಮುಖ್ಯ. ಅದು ತೆರಿಗೆಯಾಗಿದ್ದರೆ ನೀವು ಸೇವೆ ಬಳಸಿದಿರೋ ಇಲ್ಲವೋ ಎಂಬುದು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ, ಶುಲ್ಕವಾಗಿದ್ದರೆ ಬರುತ್ತದೆ. ಫ್ರಾನ್ಸಿನಲ್ಲಿ ಈ ಎರಡೂ ಪದ್ಧತಿಗಳು ಅಕ್ಕಪಕ್ಕದಲ್ಲೇ ಇವೆ: ಕೆಲವು ಊರುಗಳಲ್ಲಿ ಕಸದ ತೆರಿಗೆಯನ್ನು ಆಸ್ತಿ ತೆರಿಗೆಯ ಜೊತೆಗೆ ಆಸ್ತಿಯ ಮೌಲ್ಯದ ಮೇಲೆ ಹಾಕುತ್ತಾರೆ, ಮತ್ತೆ ಕೆಲವು ಊರುಗಳಲ್ಲಿ ಸೇವೆಗೆ ತಕ್ಕ ಶುಲ್ಕ ವಿಧಿಸುತ್ತಾರೆ. ಮೊದಲನೆಯ ಊರಿನಲ್ಲಿ ‘ನಾವು ಕಸವನ್ನೇ ಹಾಕುವುದಿಲ್ಲ’ ಎಂಬ ವಾದ ನಿಲ್ಲುವುದಿಲ್ಲ, ಎರಡನೆಯ ಊರಿನಲ್ಲಿ ಅದೇ ವಾದಕ್ಕೆ ದಾಖಲೆಯಿದ್ದರೆ ಬೆಲೆ ಬರುತ್ತದೆ. ನಿಮ್ಮ ರಸೀದಿಯನ್ನು ತೆಗೆದು ನೋಡಿ. ಕಸದ ಮೊತ್ತವು ಆಸ್ತಿ ತೆರಿಗೆಯ ಚೀಟಿಯಲ್ಲಿ ಕರ ಅಥವಾ ಉಪಕರ ಎಂದು ಬಂದಿದೆಯೋ, ನೀರಿನ ಬಿಲ್ಲಿನೊಂದಿಗೆ ಬಂದಿದೆಯೋ, ಪ್ರತ್ಯೇಕ ಬಳಕೆದಾರರ ಶುಲ್ಕವಾಗಿ ಬಂದಿದೆಯೋ ಎಂಬುದರ ಮೇಲೆ ನೀವು ಯಾರ ಬಳಿ ಏನು ಕೇಳಬೇಕೆಂಬುದು ತೀರ್ಮಾನವಾಗುತ್ತದೆ.

ಇನ್ನು ಉಪವಿಧಿಯ ಮೂಲಪಾಠ. ನಗರಾಡಳಿತದ ಕಚೇರಿಯಲ್ಲಿ ಅಥವಾ ಜಾಲತಾಣದಲ್ಲಿ ಅದರ ಪ್ರತಿ ಪಡೆದು, ವ್ಯಾಖ್ಯೆಗಳ ಭಾಗವನ್ನು ಬಿಡದೆ ಓದಿ. ‘ವಾಸದ ಮನೆ’, ‘ಖಾಲಿ’, ‘ತ್ಯಾಜ್ಯ ಉತ್ಪಾದಕ’, ‘ಅನುಭೋಗದಾರ’ ಎಂಬ ಪದಗಳಿಗೆ ಉಪವಿಧಿ ಕೊಟ್ಟಿರುವ ಅರ್ಥವು ದಿನಬಳಕೆಯ ಅರ್ಥಕ್ಕಿಂತ ಭಿನ್ನವಾಗಿರಬಹುದು. ಪ್ಲಂಬರು ಬಂದು ಎರಡು ರಾತ್ರಿ ತಂಗಿದ ಮನೆಯನ್ನು ಒಂದು ನಗರ ಖಾಲಿ ಎಂದೇ ಒಪ್ಪಬಹುದು, ಇನ್ನೊಂದು ಒಪ್ಪದಿರಬಹುದು. ವಿನಾಯಿತಿಯ ಕಲಮಿನಲ್ಲಿ ‘ನೀಡತಕ್ಕದ್ದು’ ಎಂದಿದೆಯೋ ‘ನೀಡಬಹುದು’ ಎಂದಿದೆಯೋ ನೋಡಿ: ಮೊದಲನೆಯದರಲ್ಲಿ ಷರತ್ತು ಪೂರೈಸಿದರೆ ಅದು ನಿಮ್ಮ ಹಕ್ಕು, ಎರಡನೆಯದರಲ್ಲಿ ಅಧಿಕಾರಿಯ ವಿವೇಚನೆ. ಎರಡನೆಯದಾದರೆ ದಾಖಲೆಗಳ ಜೊತೆಗೆ ವಿನಯಪೂರ್ವಕವಾದ ವಿವರಣೆಯೂ ಬೇಕಾಗುತ್ತದೆ.

ಯಾವ ಕಾರಣಗಳು ನಿಲ್ಲುತ್ತವೆ

ಎಲ್ಲಕ್ಕಿಂತ ಸುಲಭವಾಗಿ ಒಪ್ಪಿಗೆಯಾಗುವುದು ವಾಸವಿಲ್ಲದ ಮನೆ. ಇಲ್ಲಿ ‘ಕಸ ಎಲ್ಲಿಗೆ ಹೋಗುತ್ತದೆ’ ಎಂಬ ಪ್ರಶ್ನೆಗೆ ‘ಕಸವೇ ಹುಟ್ಟುವುದಿಲ್ಲ’ ಎಂಬ ಉತ್ತರ ಇರುವುದರಿಂದ ಕೆಲಸ ಹಗುರ, ಆದರೆ ಅದನ್ನು ಸಾಬೀತುಪಡಿಸುವುದು ನಾವು ಅಂದುಕೊಂಡಷ್ಟು ಹಗುರವಲ್ಲ. ನೀರಿನ ಮೀಟರಿನ ಓದು ಇಲ್ಲಿ ಬಹು ದೊಡ್ಡ ಸಾಕ್ಷಿ. ನಳ ತಿರುಗಿಸದೆ ಯಾರೂ ಒಂದು ಮನೆಯಲ್ಲಿ ವಾಸಿಸಲಾರರು ಎಂಬುದು ಅಧಿಕಾರಿಗೂ ಗೊತ್ತು. ವಿದ್ಯುತ್ ಬಿಲ್ಲು ಅಷ್ಟು ನಂಬಲರ್ಹವಲ್ಲ, ಏಕೆಂದರೆ ಕಾವಲಿನ ದೀಪ, ಕ್ಯಾಮೆರಾ, ಹನಿ ನೀರಾವರಿಯ ಪಂಪು ಇವು ಖಾಲಿ ಮನೆಯಲ್ಲೂ ವಿದ್ಯುತ್ತನ್ನು ಬಳಸುತ್ತಲೇ ಇರುತ್ತವೆ. ನನ್ನ ಪರಿಚಿತರೊಬ್ಬರ ಅರ್ಜಿ ಇದೇ ಕಾರಣಕ್ಕೆ ಮೊದಲ ಸಲ ಬಿದ್ದುಹೋಯಿತು. ಬಿಲ್ಲಿನಲ್ಲಿ ಕಂಡ ಯೂನಿಟ್ಟುಗಳು ಅಂಗಳದ ದೀಪದವು ಎಂಬ ಒಂದು ಸಾಲನ್ನು ಅವರು ಬರೆದಿರಲಿಲ್ಲ. ವಿದ್ಯುತ್ ಬಳಕೆ ಶೂನ್ಯವಲ್ಲದಿದ್ದರೆ ಅದಕ್ಕೆ ಕಾರಣವನ್ನು ನೀವಾಗಿಯೇ ಮೊದಲು ಹೇಳಿಬಿಡಿ. ಖಾಲಿ ಇರುವ ಕನಿಷ್ಠ ಅವಧಿಯನ್ನೂ ಉಪವಿಧಿಯಲ್ಲಿ ಗಮನಿಸಬೇಕು. ಫ್ರಾನ್ಸಿನ ತೆರಿಗೆ ಪದ್ಧತಿಯಲ್ಲಿ ಬಾಡಿಗೆಗೆಂದು ಇಟ್ಟ ಮನೆಯು ಮಾಲೀಕನ ಇಚ್ಛೆಗೆ ಮೀರಿ ಮೂರು ತಿಂಗಳಿಗೂ ಹೆಚ್ಚು ಕಾಲ ಖಾಲಿ ಉಳಿದರೆ ಮಾತ್ರ ಕಸದ ತೆರಿಗೆಯಲ್ಲಿ ಪರಿಹಾರ ಕೇಳಬಹುದು. ಎರಡು ವಾರದ ಪ್ರವಾಸಕ್ಕೆ ಎಲ್ಲಿಯೂ ವಿನಾಯಿತಿ ನಿರೀಕ್ಷಿಸಬೇಡಿ.

ಮನೆಯೇ ಇಲ್ಲದ ಸಂದರ್ಭಗಳು ಇದಕ್ಕೆ ಹತ್ತಿರದವು. ಕಟ್ಟಡ ಕೆಡವಿದ್ದರೆ, ಬೆಂಕಿಯಿಂದ ವಾಸಕ್ಕೆ ಯೋಗ್ಯವಲ್ಲದಂತಾಗಿದ್ದರೆ, ಎರಡು ಮನೆಗಳನ್ನು ಒಂದಾಗಿ ಸೇರಿಸಿಕೊಂಡಿದ್ದರೆ, ಆಸ್ತಿಯ ದಾಖಲೆಯನ್ನೇ ತಿದ್ದಿಸಬೇಕು. ಬರಿಯ ವಿನಾಯಿತಿ ಕೇಳಿದರೆ ಪ್ರತಿ ವರ್ಷವೂ ಅದೇ ಕಾಗದ ಹಿಡಿದು ಓಡಾಡಬೇಕಾಗುತ್ತದೆ.

ಕಸವನ್ನು ತಾವೇ ವಿಲೇವಾರಿ ಕೇಂದ್ರಕ್ಕೆ ಸಾಗಿಸುವುದು ಮತ್ತೊಂದು ಒಪ್ಪಿತವಾದ ಕಾರಣ. ಇಲ್ಲಿ ತೂಕದ ಚೀಟಿಯೇ ಸರ್ವಸ್ವ. ಪರವಾನಗಿ ಇರುವ ಕೇಂದ್ರದಲ್ಲಿ ಕಸ ಒಪ್ಪಿಸಿದ ಪ್ರತಿ ಸಲವೂ ದಿನಾಂಕ, ವಾಹನ ಸಂಖ್ಯೆ ಮತ್ತು ತೂಕ ನಮೂದಾದ ಚೀಟಿಯನ್ನು ಕೇಳಿ ಪಡೆಯಿರಿ, ಅದನ್ನು ಕ್ರಮವಾಗಿ ಅಂಟಿಸಿಡಿ. ಕೊಳೆಯುವ ಕಸದ ಮಟ್ಟಿಗೆ ಚೀಟಿಗಳ ನಡುವಿನ ಅಂತರ ಒಂದು ವಾರವನ್ನು ಮೀರಿದರೆ ‘ನಡುವೆ ಅದನ್ನು ಎಲ್ಲಿ ಇಟ್ಟಿದ್ದಿರಿ’ ಎಂಬ ಪ್ರಶ್ನೆ ಏಳುತ್ತದೆ. ನಿಮ್ಮ ಕಚೇರಿಯ ಅಥವಾ ಅಂಗಡಿಯ ಡಬ್ಬಿಗೆ ಮನೆಯ ಕಸವನ್ನು ಹಾಕುತ್ತೇನೆಂದು ಬರೆಯಬೇಡಿ, ಹಾಗೆ ಮಾಡಲೂ ಬೇಡಿ. ವಾಣಿಜ್ಯ ಡಬ್ಬಿಯಲ್ಲಿ ಮನೆಯ ಕಸ ಹಾಕುವುದನ್ನು ಬಹಳಷ್ಟು ಕಡೆ ಪ್ರತ್ಯೇಕ ಅಪರಾಧವೆಂದೇ ಎಣಿಸುತ್ತಾರೆ. ಸುಡುವ ಮಾತನ್ನಂತೂ ಎತ್ತಲೇಬಾರದು. ಪ್ಲಾಸ್ಟಿಕ್ಕು ಬೆರೆತ ಮನೆಯ ಕಸವನ್ನು ತೆರೆದ ಜಾಗದಲ್ಲಿ ಕಡಿಮೆ ಉಷ್ಣಾಂಶದಲ್ಲಿ ಸುಟ್ಟಾಗ ಡಯಾಕ್ಸಿನ್ ಎಂಬ ಅತಿ ವಿಷಕಾರಿ ಸಂಯುಕ್ತಗಳು ಹುಟ್ಟುತ್ತವೆ. ಭಾರತದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸವನ್ನು ಬೀದಿಗೆ ಎಸೆಯುವುದು, ಸುಡುವುದು, ಹೊರಗೆ ಹೂಳುವುದು ಈ ಮೂರನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿದವು.

ಮನೆಯಲ್ಲೇ ಗೊಬ್ಬರ ಮಾಡುವವರ ಪ್ರಶ್ನೆಗೆ ಸ್ವಲ್ಪ ನಿಂತು ಉತ್ತರಿಸಬೇಕು, ಏಕೆಂದರೆ ಅತ್ಯಂತ ಪ್ರಾಮಾಣಿಕರಾದ ಅರ್ಜಿದಾರರು ಇವರು, ಹೆಚ್ಚು ನಿರಾಶರಾಗುವವರೂ ಇವರೇ. ಜರ್ಮನಿಯ ನಿಯಮ ಇಲ್ಲಿ ಒಳ್ಳೆಯ ಮಾದರಿ. ಅಲ್ಲಿ ಮನೆಗಳು ತಮ್ಮ ತ್ಯಾಜ್ಯವನ್ನು ಸಾರ್ವಜನಿಕ ವ್ಯವಸ್ಥೆಗೆ ಒಪ್ಪಿಸಲೇಬೇಕು, ಆದರೆ ತಮ್ಮದೇ ನಿವೇಶನದಲ್ಲಿ ಮರುಬಳಕೆ ಮಾಡಲು ಶಕ್ತರಾಗಿದ್ದು ಅದನ್ನು ಮಾಡುವ ಉದ್ದೇಶವೂ ಇರುವವರಿಗೆ ಆ ಭಾಗದ ಮಟ್ಟಿಗೆ ಬಿಡುಗಡೆ ಇದೆ. ಇದರ ಬಲದಿಂದ ಹಿತ್ತಿಲಿನಲ್ಲಿ ಗೊಬ್ಬರ ಮಾಡುವ ಮನೆಗಳು ಜೈವಿಕ ತ್ಯಾಜ್ಯದ ಡಬ್ಬಿಯಿಂದ ಬಿಡುಗಡೆ ಪಡೆಯುತ್ತವೆ. ಉಳಿದ ಕಸದ ಡಬ್ಬಿ ಮಾತ್ರ ಕಡ್ಡಾಯವಾಗಿಯೇ ಉಳಿಯುತ್ತದೆ. ತಯಾರಾದ ಗೊಬ್ಬರವನ್ನು ಬಳಸಲು ಸಾಕಷ್ಟು ನೆಲವಿದೆ ಎಂಬುದನ್ನೂ ಅಲ್ಲಿನ ಹಲವು ಸ್ಥಳೀಯ ಆಡಳಿತಗಳು ಕೇಳುತ್ತವೆ. ಮನೆಯ ಪ್ರತಿ ಸದಸ್ಯನಿಗೆ ಸುಮಾರು 25 ಚದರ ಮೀಟರ್ ತೋಟ ಎಂಬುದು ಅಲ್ಲಿ ಪದೇ ಪದೇ ಕಾಣಸಿಗುವ ಅಳತೆ. ಈ ಷರತ್ತು ನನಗೆ ಬಹಳ ವಿವೇಕದ್ದಾಗಿ ಕಾಣುತ್ತದೆ, ಏಕೆಂದರೆ ಗೊಬ್ಬರ ಮಾಡಿ ಹಾಕಲು ಜಾಗವಿಲ್ಲದಿದ್ದರೆ ಅದೂ ಮತ್ತೆ ಕಸವೇ ಆಗುತ್ತದೆ.

ಗೊಬ್ಬರದ ಗುಂಡಿಯು ಮನೆಯ ಹಸಿ ಕಸವನ್ನು ತಿನ್ನುತ್ತದೆಯೇ ಹೊರತು ಮಗುವಿನ ಡಯಾಪರು, ಸ್ಯಾನಿಟರಿ ಪ್ಯಾಡು, ಒಡೆದ ಬಲ್ಬು, ಅವಧಿ ಮೀರಿದ ಔಷಧಿ, ಬ್ಯಾಟರಿಗಳನ್ನಲ್ಲ. ಗೊಬ್ಬರ ಮಾಡುವ ಮನೆಯವರು ಪೂರ್ಣ ವಿನಾಯಿತಿ ಕೇಳಿದಾಗ ತಿರಸ್ಕಾರ ಬರುವುದು ಹೆಚ್ಚಾಗಿ ಈ ಕಾರಣಕ್ಕೆ. ಆದ್ದರಿಂದ ಹಸಿ ಕಸದ ಡಬ್ಬಿಯಿಂದ ವಿನಾಯಿತಿ, ಉಳಿದದ್ದಕ್ಕೆ ಅತಿ ಸಣ್ಣ ಡಬ್ಬಿ ಎಂದು ಕೇಳಿ. ಇದು ಸತ್ಯಕ್ಕೂ ಹತ್ತಿರ, ಒಪ್ಪಿಗೆಗೂ ಹತ್ತಿರ. ತನಿಖೆಗೆ ಬಂದವರು ಮೊದಲು ಮೂಗಿನಿಂದಲೇ ಪರೀಕ್ಷಿಸುತ್ತಾರೆ. ಇಂಗಾಲ ಮತ್ತು ಸಾರಜನಕದ ಪ್ರಮಾಣ ಸುಮಾರು 30ಕ್ಕೆ 1ರಷ್ಟು ಇರುವಂತೆ, ಅಂದರೆ ಅಡುಗೆಮನೆಯ ಹಸಿ ಸಿಪ್ಪೆಗಳಿಗಿಂತ ಒಣ ಎಲೆ, ಕಡ್ಡಿ, ಚೂರು ಮಾಡಿದ ರಟ್ಟು ಇವು ಗಾತ್ರದಲ್ಲಿ ಹೆಚ್ಚಿರುವಂತೆ ನೋಡಿಕೊಂಡರೆ ವಾಸನೆ ಏಳುವುದಿಲ್ಲ. ತೇವವು ಹಿಂಡಿದ ಸ್ಪಂಜಿನಷ್ಟು ಇರಬೇಕು. ಮಾಂಸ, ಎಣ್ಣೆಯ ಪದಾರ್ಥ, ಹಾಲಿನ ಪದಾರ್ಥಗಳನ್ನು ಹಾಕಿದರೆ ಇಲಿಗಳು ಬರುತ್ತವೆ, ಇಲಿಗಳು ಬಂದರೆ ನೆರೆಯವರ ದೂರು ಬರುತ್ತದೆ, ಒಂದು ದೂರು ಸಾಕು ವಿನಾಯಿತಿ ರದ್ದಾಗಲು. ಗುಂಡಿಗೆ ಮುಚ್ಚಳ ಮತ್ತು ತಳದಲ್ಲಿ ಸಣ್ಣ ಕಣ್ಣಿನ ತಂತಿಬಲೆ ಇರಲಿ.

ವಾಹನ ತಲುಪದ ಮನೆಗಳಿಗೆ ನಿಲುಮೆ ಬೇರೆಯೇ ಆಗಿದೆ. ಇಂಗ್ಲೆಂಡಿನ 1990ರ ಪರಿಸರ ಸಂರಕ್ಷಣಾ ಕಾಯ್ದೆಯ 45ನೆಯ ಕಲಮಿನ ಪ್ರಕಾರ ಮನೆಯ ಕಸ ಸಂಗ್ರಹಿಸುವುದು ಸ್ಥಳೀಯ ಆಡಳಿತದ ಕರ್ತವ್ಯ. ಆದರೆ ಸ್ಥಳವು ತೀರಾ ಒಂಟಿಯಾಗಿದ್ದು ಅಥವಾ ತಲುಪಲಾಗದಂತಿದ್ದು ಸಂಗ್ರಹದ ವೆಚ್ಚ ಅಸಮಂಜಸವಾಗಿ ಹೆಚ್ಚಾಗುವುದಾದರೆ, ಮತ್ತು ಕಸ ಇರುವವರು ಬೇರೆ ಸಮರ್ಪಕ ಏರ್ಪಾಟು ಮಾಡಿಕೊಳ್ಳಬಲ್ಲರಾದರೆ, ಆ ಕರ್ತವ್ಯದಿಂದ ಆಡಳಿತಕ್ಕೇ ವಿನಾಯಿತಿ. ಕ್ಯಾಲಿಫೋರ್ನಿಯಾದ ಜೈವಿಕ ತ್ಯಾಜ್ಯದ ನಿಯಮಗಳು 2022ರ ಜನವರಿ 1ರಿಂದ ಜಾರಿಗೆ ಬಂದಾಗ 4,500 ಅಡಿ ಮತ್ತು ಅದಕ್ಕಿಂತ ಎತ್ತರದ ಪ್ರದೇಶಗಳಿಗೆ ಆಹಾರ ತ್ಯಾಜ್ಯದ ಪ್ರತ್ಯೇಕ ಸಂಗ್ರಹದಿಂದ ಬಿಡುಗಡೆ ಪಡೆಯುವ ಅವಕಾಶ ಇಡಲಾಯಿತು. ಆಹಾರದ ವಾಸನೆಗೆ ಕರಡಿಗಳು ಡಬ್ಬಿಗಳ ಬಳಿಗೆ ಬರುತ್ತವೆ ಎಂಬುದು ಅದರ ಹಿಂದಿನ ಒಂದು ಕಾಳಜಿ. ಇಂಥ ವಿನಾಯಿತಿ ಪ್ರದೇಶಕ್ಕೆ ಸೇರಿದ್ದು, ಒಂದು ಮನೆಗಲ್ಲ, ಹಾಗಾಗಿ ನಿಮ್ಮ ಬೀದಿಯವರೆಲ್ಲ ಸೇರಿ ಒಂದೇ ಮನವಿ ಕೊಡುವುದು ಸರಿಯಾದ ದಾರಿ. ಒಂಟಿ ಮನೆಯಾದರೆ ರಸ್ತೆಯ ಅಗಲವನ್ನು ಟೇಪಿನಿಂದ ಅಳೆದು, ತಿರುವಿನ ಭಾವಚಿತ್ರ ತೆಗೆದು, ವಾಹನ ನಿಲ್ಲುವ ಅತಿ ಹತ್ತಿರದ ಜಾಗದಿಂದ ನಿಮ್ಮ ಗೇಟಿನವರೆಗಿನ ದೂರವನ್ನು ಮೀಟರುಗಳಲ್ಲಿ ಬರೆಯಿರಿ.

ಇಬ್ಬರು ನೆರೆಯವರು ಒಂದೇ ಡಬ್ಬಿಯನ್ನು ಹಂಚಿಕೊಳ್ಳುವುದಕ್ಕೆ ಕೆಲವು ನಗರಗಳು ಒಪ್ಪುತ್ತವೆ. ಇಬ್ಬರ ಸಹಿಯೂ ಬೇಕು, ಹಣ ಕಟ್ಟುವ ಹೊಣೆ ಯಾರದೆಂಬುದು ಬರವಣಿಗೆಯಲ್ಲಿ ಇರಬೇಕು. ಆದಾಯ ಕಡಿಮೆ ಇರುವ ಕಾರಣಕ್ಕೆ ಕೇಳುವುದಾದರೆ ಅದು ಸಾಮಾನ್ಯವಾಗಿ ಶುಲ್ಕದ ರಿಯಾಯಿತಿಯ ದಾರಿ, ವರಮಾನ ಪ್ರಮಾಣಪತ್ರದೊಂದಿಗೆ ಸಂಬಂಧಪಟ್ಟ ವಿಭಾಗಕ್ಕೆ ಹೋಗಬೇಕು.

ಕಸ ಬಹಳ ಕಡಿಮೆ ಎಂಬುದು ತಾನಾಗಿಯೇ ಪೂರ್ಣ ವಿನಾಯಿತಿಗೆ ಕಾರಣವಾಗುವುದು ಅಪರೂಪ. ಕ್ಯಾಲಿಫೋರ್ನಿಯಾದ ಮೇಲೆ ಹೇಳಿದ ನಿಯಮಗಳಲ್ಲಿ ‘ಅತ್ಯಲ್ಪ ಪ್ರಮಾಣ’ದ ವಿನಾಯಿತಿ ಇದೆಯಾದರೂ ಅದು ವಾಣಿಜ್ಯ ಘಟಕಗಳಿಗೆ, ಐದು ಅಥವಾ ಹೆಚ್ಚು ಮನೆಗಳಿರುವ ಕಟ್ಟಡಗಳೂ ಆ ಗುಂಪಿಗೇ ಸೇರುತ್ತವೆ: ಒಟ್ಟು ಕಸ ವಾರಕ್ಕೆ ಎರಡು ಘನ ಗಜಗಳಿಗಿಂತ ಕಡಿಮೆ ಇದ್ದರೆ ಜೈವಿಕ ತ್ಯಾಜ್ಯವು 10 ಗ್ಯಾಲನ್ನಿಗಿಂತ, ಅಂದರೆ ಸುಮಾರು 38 ಲೀಟರಿಗಿಂತ ಕಡಿಮೆ ಇರಬೇಕು, ಎರಡು ಘನ ಗಜ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಿತಿ 20 ಗ್ಯಾಲನ್. ಒಂಟಿ ಮನೆಯವರು ಇಂಥ ಕಡೆ ಸಣ್ಣ ಡಬ್ಬಿಯನ್ನು ಕೇಳುವುದೇ ಲೇಸು. ಸಿಯಾಟಲ್ ನಗರದಲ್ಲಿ 12 ಗ್ಯಾಲನ್ನಿನ, ಅಂದರೆ ಸುಮಾರು 45 ಲೀಟರಿನ ಪುಟ್ಟ ಡಬ್ಬಿಯನ್ನು ಇಂಥ ಮನೆಗಳಿಗೆಂದೇ ಇಟ್ಟಿದ್ದಾರೆ. ದಕ್ಷಿಣ ಕೊರಿಯಾದಲ್ಲಿ 1995ರಿಂದ ನಿಗದಿತ ಚೀಲಗಳನ್ನು ಕೊಂಡು ಕಸ ಹಾಕುವ ಪದ್ಧತಿ ದೇಶಾದ್ಯಂತ ಇದೆ. ಅಲ್ಲಿ ಕಡಿಮೆ ಕಸದ ಮನೆಗೆ ಕಡಿಮೆ ಖರ್ಚು ತಾನಾಗಿಯೇ ಆಗುತ್ತದೆ.

ಒಂದು ತಿಂಗಳ ದಾಖಲೆ

ಅರ್ಜಿ ಹಾಕುವ ಮುನ್ನ ನಾಲ್ಕು ವಾರಗಳ ಕಾಲ ಒಂದು ನೋಟ್‌ಬುಕ್ಕಿನಲ್ಲಿ ಮನೆಯ ಕಸದ ಲೆಕ್ಕ ಬರೆಯಿರಿ. ತರಕಾರಿ ತೂಗುವ ಸಣ್ಣ ಕೈತಕ್ಕಡಿ ಸಾಕು. ಪ್ರತಿ ಸಂಜೆ ಹಸಿ ಕಸ ಎಷ್ಟು, ಒಣ ಕಸ ಎಷ್ಟು, ಅಪಾಯಕಾರಿ ಅಥವಾ ನೈರ್ಮಲ್ಯದ ಕಸ (ಡಯಾಪರು, ಪ್ಯಾಡು ಮುಂತಾದವು) ಎಷ್ಟು ಎಂದು ತೂಗಿ, ಅದರ ಮುಂದೆಯೇ ಅದು ಎಲ್ಲಿಗೆ ಹೋಯಿತು ಎಂದು ಬರೆಯಿರಿ. ಹಸಿ ಕಸ ಗುಂಡಿಗೆ, ಕಾಗದ ಮತ್ತು ಗಾಜು ಗುಜರಿಯವರಿಗೆ, ಬ್ಯಾಟರಿ ಸಂಗ್ರಹ ಕೇಂದ್ರಕ್ಕೆ, ಹೀಗೆ. ಗುಜರಿಯವರಿಂದ ಕೈಬರಹದ ಚೀಟಿಯಾದರೂ ಪಡೆಯಿರಿ. ವಾರಕ್ಕೊಮ್ಮೆ ಗುಂಡಿಯ ಮತ್ತು ಕಸ ಇಡುವ ಜಾಗದ ಭಾವಚಿತ್ರವನ್ನು ದಿನಾಂಕ ಕಾಣುವಂತೆ ತೆಗೆಯಿರಿ. ಈ ಲೆಕ್ಕ ಬರೆಯುವಾಗ ಯಾವ ಸಾಲಿನ ಮುಂದೆ ‘ಎಲ್ಲಿಗೆ’ ಎಂಬ ಕಾಲಮು ಖಾಲಿ ಉಳಿಯಿತೋ ಅಲ್ಲಿಯೇ ನಿಮ್ಮ ಅರ್ಜಿ ಸೋಲುವ ಜಾಗ ಇದೆ ಎಂದು ತಿಳಿಯಬೇಕು. ಅದನ್ನು ಮೊದಲು ಸರಿಪಡಿಸಿಕೊಳ್ಳಿ, ಅಥವಾ ಆ ಭಾಗಕ್ಕೆ ಸೇವೆಯನ್ನು ಉಳಿಸಿಕೊಳ್ಳಿ.

ಬಾಡಿಗೆ ಮನೆಯಾದರೆ ಖಾತೆ ಯಾರ ಹೆಸರಿನಲ್ಲಿದೆ ನೋಡಿ. ಬಹುತೇಕ ಕಡೆ ಅರ್ಜಿ ಹಾಕಬೇಕಾದವರು ಆಸ್ತಿಯ ಮಾಲೀಕರು, ಏಕೆಂದರೆ ಬಾಕಿ ಉಳಿದರೆ ಅದು ಆಸ್ತಿಯ ಮೇಲೆ ಋಣಭಾರವಾಗಿ ಕೂರಬಹುದು. ಬಾಡಿಗೆದಾರರು ತಮ್ಮ ದಾಖಲೆಗಳನ್ನು ಮಾಲೀಕರ ಸಹಿಯೊಂದಿಗೆ ಸಲ್ಲಿಸಬೇಕಾಗುತ್ತದೆ.

ಅರ್ಜಿಯ ಬರವಣಿಗೆ

ನಗರವು ತನ್ನದೇ ನಮೂನೆ ಕೊಟ್ಟಿದ್ದರೆ ಅದನ್ನೇ ತುಂಬಿ, ಜೊತೆಗೆ ಒಂದು ಪುಟದ ಪತ್ರವನ್ನು ಲಗತ್ತಿಸಿ. ಒಂದು ಪುಟ ಮೀರಬಾರದು. ಮಾದರಿ ಹೀಗಿರಲಿ:

‘ಇವರಿಗೆ, ಘನತ್ಯಾಜ್ಯ ನಿರ್ವಹಣೆಯ ಸಕ್ಷಮ ಅಧಿಕಾರಿಗಳು. ವಿಷಯ: ಆಸ್ತಿ ಸಂಖ್ಯೆ ..... ರ ಮನೆಗೆ ಹಸಿ ಕಸ ಸಂಗ್ರಹ ಸೇವೆಯಿಂದ ವಿನಾಯಿತಿ ಕೋರಿ.

ಮಾನ್ಯರೇ, ಮೇಲ್ಕಂಡ ಮನೆಯ ಮಾಲೀಕನಾದ ನಾನು ಉಪವಿಧಿಯ ..... ನೆಯ ಕಲಮಿನ ಅಡಿಯಲ್ಲಿ ಈ ಮನವಿಯನ್ನು ಸಲ್ಲಿಸುತ್ತಿದ್ದೇನೆ. ಮನೆಯಲ್ಲಿ ..... ಜನ ವಾಸವಾಗಿದ್ದು, ದಿನಾಂಕ ..... ರಿಂದ ..... ರವರೆಗಿನ ನಾಲ್ಕು ವಾರಗಳಲ್ಲಿ ಉತ್ಪತ್ತಿಯಾದ ಹಸಿ ಕಸ ..... ಕಿಲೋಗ್ರಾಂ. ಅದನ್ನು ನಮ್ಮದೇ ನಿವೇಶನದಲ್ಲಿರುವ ಮುಚ್ಚಿದ ಗುಂಡಿಯಲ್ಲಿ ಗೊಬ್ಬರ ಮಾಡಿ, ..... ಚದರ ಮೀಟರ್ ತೋಟಕ್ಕೆ ಬಳಸಲಾಗುತ್ತಿದೆ. ಒಣ ಕಸ ಹಾಗೂ ನೈರ್ಮಲ್ಯದ ಕಸಕ್ಕೆ ನಗರದ ಸೇವೆಯನ್ನು ಮುಂದುವರಿಸಿಕೊಳ್ಳುತ್ತೇನೆ ಮತ್ತು ಅದರ ಶುಲ್ಕವನ್ನು ಪಾವತಿಸುತ್ತೇನೆ. ದಿನಾಂಕ ..... ರವರೆಗಿನ ಶುಲ್ಕದಲ್ಲಿ ಯಾವುದೇ ಬಾಕಿ ಇರುವುದಿಲ್ಲ. ಸ್ಥಳ ಪರಿಶೀಲನೆಗೆ ಯಾವುದೇ ಕೆಲಸದ ದಿನ ಬರಬಹುದು. ಪರಿಸ್ಥಿತಿಯಲ್ಲಿ ಬದಲಾವಣೆಯಾದರೆ ತಿಳಿಸುವ ಹೊಣೆ ನನ್ನದು. ಲಗತ್ತು: ನಾಲ್ಕು ವಾರಗಳ ದಾಖಲೆ, ಭಾವಚಿತ್ರಗಳು, ನಿವೇಶನದ ನಕ್ಷೆ, ಶುಲ್ಕ ಪಾವತಿಯ ರಸೀದಿ.’

ಖಾಲಿ ಮನೆಯಾದರೆ ನಡುವಿನ ಭಾಗದಲ್ಲಿ ಖಾಲಿಯಾದ ದಿನಾಂಕ, ಆ ದಿನದ ಮತ್ತು ಇಂದಿನ ನೀರಿನ ಮೀಟರಿನ ಓದು, ಮನೆ ನೋಡಿಕೊಳ್ಳುವವರು ಯಾರೆಂಬ ವಿವರ ಇವನ್ನು ಬರೆಯಿರಿ. ಬಾಕಿ ಇಲ್ಲವೆಂಬ ಸಾಲನ್ನು ನಿಜವಿದ್ದರೆ ಮಾತ್ರ ಉಳಿಸಿಕೊಳ್ಳಿ. ಬಾಕಿ ಇದ್ದಾಗ ಅರ್ಜಿಯನ್ನು ತೆರೆದೂ ನೋಡದ ಕಚೇರಿಗಳಿವೆ, ಆದ್ದರಿಂದ ಸಾಧ್ಯವಿದ್ದರೆ ಮೊದಲು ಕಟ್ಟಿಬಿಡಿ. ಇನ್ನೊಂದು ಮಾತು: ವಿನಾಯಿತಿ ಸಾಮಾನ್ಯವಾಗಿ ಮಂಜೂರಾದ ದಿನದಿಂದ ಅಥವಾ ಅರ್ಜಿಯ ದಿನದಿಂದ ಲೆಕ್ಕವಾಗುತ್ತದೆ, ಹಿಂದಿನ ತಿಂಗಳುಗಳಿಗೆ ಅಲ್ಲ. ಮನೆ ಖಾಲಿ ಮಾಡುವ ದಿನ ಗೊತ್ತಿದ್ದರೆ ಅಂದೇ ಅರ್ಜಿ ಕೊಡಿ. ಕೊಟ್ಟಾಗ ಮೊಹರು ಹಾಕಿದ ಸ್ವೀಕೃತಿಯನ್ನು ಪಡೆಯದೆ ಕಚೇರಿಯಿಂದ ಹೊರಡಬೇಡಿ.

ಅರ್ಜಿ ಕೊಟ್ಟ ನಂತರ

ನಿರ್ಧಾರ ಬರುವವರೆಗೆ ಶುಲ್ಕ ಕಟ್ಟುವುದನ್ನು ನಿಲ್ಲಿಸಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ನ್ಯಾಯ ತಮ್ಮ ಕಡೆಗಿದ್ದರೂ ಹಣ ನಿಲ್ಲಿಸಿದ್ದರಿಂದ ದಂಡ ಮತ್ತು ಬಡ್ಡಿಯ ಸುಳಿಗೆ ಬಿದ್ದವರನ್ನು ನೋಡಿದ್ದೇನೆ. ‘ನನ್ನ ಅರ್ಜಿಯ ನಿರ್ಧಾರಕ್ಕೆ ಒಳಪಟ್ಟು, ಆಕ್ಷೇಪಣೆಯೊಂದಿಗೆ ಪಾವತಿಸುತ್ತಿದ್ದೇನೆ’ ಎಂಬ ಪತ್ರ ಬರೆದು ಕಟ್ಟಿದರೆ ಮುಂದೆ ಮರುಪಾವತಿ ಕೇಳಲು ಆಧಾರವಿರುತ್ತದೆ.

ಸ್ಥಳ ತನಿಖೆಗೆ ಬಂದವರಿಗೆ ಗುಂಡಿಯನ್ನು, ಕಸ ಬೇರ್ಪಡಿಸಿ ಇಡುವ ಜಾಗವನ್ನು, ನೋಟ್‌ಬುಕ್ಕನ್ನು ತೋರಿಸಿ. ಅವರು ಬರೆದುಕೊಂಡ ವರದಿಯ ಪ್ರತಿಯನ್ನು ಕೇಳುವುದು ನಿಮ್ಮ ಹಿತಕ್ಕೆ ಒಳ್ಳೆಯದು, ತಪ್ಪೇನಾದರೂ ಇದ್ದರೆ ಅಂದೇ ಲಿಖಿತವಾಗಿ ತಿಳಿಸಬಹುದು.

ತಿರಸ್ಕಾರ ಬಂದರೆ ಆ ಪತ್ರದಲ್ಲಿ ಎರಡು ಸಂಗತಿಗಳನ್ನು ಹುಡುಕಿ: ಕಾರಣ ಮತ್ತು ಮೇಲ್ಮನವಿಯ ಗಡುವು. ಕಾರಣ ಬರೆಯದ ತಿರಸ್ಕಾರವಾದರೆ ಮೊದಲು ಕಾರಣವನ್ನು ಲಿಖಿತವಾಗಿ ಕೇಳಿ, ಆದರೆ ಅದಕ್ಕಾಗಿ ಕಾಯುತ್ತಾ ಗಡುವನ್ನು ಕಳೆದುಕೊಳ್ಳಬೇಡಿ. ಗಡುವಿನೊಳಗೆ ಒಂದು ಚಿಕ್ಕ ಮೇಲ್ಮನವಿ ಸಲ್ಲಿಸಿ, ವಿವರಗಳನ್ನು ನಂತರ ಸೇರಿಸಲು ಅನುಮತಿ ಕೋರಿ. ಮೇಲ್ಮನವಿಯಲ್ಲಿ ಹಳೆಯ ಅರ್ಜಿಯನ್ನೇ ಮತ್ತೆ ಬರೆಯಬಾರದು. ತಿರಸ್ಕಾರದ ಕಾರಣ ‘ಸೂಕ್ತ ದಾಖಲೆ ಇಲ್ಲ’ ಎಂದಿದ್ದರೆ ಆ ದಾಖಲೆಯನ್ನು, ‘ಉಪವಿಧಿಯಲ್ಲಿ ಅವಕಾಶವಿಲ್ಲ’ ಎಂದಿದ್ದರೆ ಆ ಕಲಮಿನ ಪಾಠವನ್ನು, ‘ನೆರೆಯವರ ದೂರು’ ಎಂದಿದ್ದರೆ ಅದೇ ನೆರೆಯವರ ಒಪ್ಪಿಗೆಯ ಪತ್ರವನ್ನು ಮುಂದಿಡಬೇಕು. ನೆರೆಯವರೊಂದಿಗೆ ಮೊದಲೇ ಮಾತನಾಡಿಟ್ಟುಕೊಂಡವರಿಗೆ ಈ ಕೊನೆಯ ತೊಡಕು ಬರುವುದು ಅಪರೂಪ.

ಮಂಜೂರಾದ ಆದೇಶವನ್ನು ಪೂರ್ತಿ ಓದಿ. ಅದಕ್ಕೆ ಅವಧಿ ಇರುತ್ತದೆ, ಹಲವು ಕಡೆ ಒಂದು ವರ್ಷ. ಮುಗಿಯುವ ಮುನ್ನ ನವೀಕರಿಸದಿದ್ದರೆ ಶುಲ್ಕ ತಾನಾಗಿಯೇ ಮತ್ತೆ ಶುರುವಾಗುತ್ತದೆ. ನಗರದ ಡಬ್ಬಿಯನ್ನು ವಾಪಸು ಕೊಡಬೇಕೆಂದಿದ್ದರೆ ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ, ಇಲ್ಲವಾದರೆ ಡಬ್ಬಿ ನಿಮ್ಮಲ್ಲೇ ಇದೆಯೆಂಬ ಕಾರಣಕ್ಕೆ ಬಿಲ್ಲು ಬರುತ್ತಲೇ ಇರಬಹುದು. ಮುಂದಿನ ಎರಡು ಬಿಲ್ಲುಗಳನ್ನು ಆದೇಶದ ಜೊತೆ ಹೋಲಿಸಿ ನೋಡಿ, ಏಕೆಂದರೆ ಆದೇಶ ಹೊರಡಿಸುವ ವಿಭಾಗ ಒಂದು, ಬಿಲ್ಲು ಮುದ್ರಿಸುವ ವಿಭಾಗ ಇನ್ನೊಂದು. ಮನೆಗೆ ಹೊಸ ಬಾಡಿಗೆದಾರರು ಬಂದರೆ, ಮಗು ಹುಟ್ಟಿದರೆ, ಹಿತ್ತಿಲಿನಲ್ಲಿ ಕಟ್ಟಡ ಎದ್ದು ಗೊಬ್ಬರ ಹಾಕುವ ನೆಲ ಕಡಿಮೆಯಾದರೆ, ಬದಲಾವಣೆಯನ್ನು ಲಿಖಿತವಾಗಿ ತಿಳಿಸಿ ಸೇವೆಯನ್ನು ಮತ್ತೆ ಆರಂಭಿಸಲು ಕೋರಿ. ನಾಲ್ಕು ವಾರಗಳ ಆ ನೋಟ್‌ಬುಕ್ಕನ್ನು ಎಸೆಯಬೇಡಿ. ನವೀಕರಣದ ಹೊತ್ತಿಗೆ ಮತ್ತೆ ನಾಲ್ಕು ವಾರ ಅದರಲ್ಲೇ ಮುಂದುವರಿಸಿ ಬರೆದರೆ ಎರಡನೆಯ ಅರ್ಜಿಗೆ ಬೇರೆ ಸಾಕ್ಷ್ಯ ಹುಡುಕುವ ಅಗತ್ಯ ಬಹುಮಟ್ಟಿಗೆ ಬೀಳುವುದಿಲ್ಲ.